ಕೂದಲೆಳೆ ಅಣ್ಣ ಕೂರಿಸಿದ ಬಿಲ್ಲೆ

ನನ್ನ ಭಾವನನ್ನು ಅವರ ಪ್ರಯೋಗಾಲಯದಲ್ಲಿ ಎಲ್ಲರೂ ಕರೆಯುವುದು ಕೂದಲೆಳೆ ಅಣ್ಣ ಎಂದೇ. ಕನ್ನಡಿಯೊಂದು ಕೂದಲೆಳೆಯಷ್ಟು ವಾಲಿದ್ದರೂ ಅವರಿಗೆ ಊಟ ರುಚಿಸದು. ಓದಿದ್ದು ಹತ್ತನೇ ತರಗತಿ. ಮೂವತ್ತು ವರ್ಷದಿಂದ ಲೇಸರ್ ಕೋಣೆಯ ಕನ್ನಡಿ, ಮಸೂರ, ತಿರುಪುಗಳೆಲ್ಲ ಅವರ ಸುಪರ್ದಿನಲ್ಲಿವೆ. "ಗೋಡೆ ಗಡಿಯಾರ ನೆಟ್ಟಗೆ ಮಾಡೋಕೆ ಅರ್ಧ ದಿನ ಬೇಕು ಈ ಮಹಾರಾಯರಿಗೆ" ಎಂದು ಅಕ್ಕ ಗೊಣಗುತ್ತಾಳೆ.

ಅಲ್ಲಿ ನಡೆಯುವುದೇನೆಂದು ಒಂಬತ್ತು ಸಲ ಕೇಳಿ ಹತ್ತನೆಯ ಸಲ ನನಗೆ ತಿಳಿಯಿತು. ಕಾಂತಗುಣವಿರುವ ಹರಳಿನ ಒಂದು ತೆಳು ಚೂರು. ಅದರ ಮೇಲೆ ತಿರುಪಿನಂತೆ ಸುತ್ತುತ್ತ ಬರುವ ಬೆಳಕು ಬಿಟ್ಟರೆ, ಬೆಳಕಿರುವಷ್ಟು ಹೊತ್ತು ಎಲೆಕ್ಟ್ರಾನುಗಳ ನಡತೆಯೇ ಬೇರೆ. ನಡುವಿನ ದಾರಿ ಬಿಟ್ಟು ಅಂಚು ಹಿಡಿದು ಒಂದೇ ದಿಕ್ಕಿಗೆ ಓಡುತ್ತವೆ. ಕೊರಕಲು ಸಿಕ್ಕರೆ ಬಳಸಿ ಹೋಗುತ್ತವೆ, ಹಿಂದೆ ತಿರುಗುವುದಿಲ್ಲ. ಬೆಳಕಿನ ಸುತ್ತು ಎಡದಿಂದ ಬಲಕ್ಕೆ ಬದಲಾದರೆ ಓಟದ ದಿಕ್ಕೂ ಬದಲಾಗಬೇಕು. ತಿರುಗಿಸಿದಾಗ ಆ ಸುತ್ತು ಬದಲಿಸುವುದು ಗಾಜಿನಂಥ ಒಂದು ಬಿಲ್ಲೆ. ಅದನ್ನು ಕೂರಿಸುವುದು ಭಾವನ ಕೆಲಸ.

ಆ ಬದಲಾವಣೆ ತೋರಿಸಲು ಅಲ್ಲಿನ ಸಂಶೋಧಕಿ ನಾಲ್ಕು ವರ್ಷ ದುಡಿದಿದ್ದಳು. ಕೊನೆಗೂ ಓಟದ ದಿಕ್ಕು ತೋರಿಸುವ ಪರದೆಯ ಗೆರೆ ಮೇಲಿನಿಂದ ಕೆಳಕ್ಕೆ ಹೊರಳಿತು. ಸೋಮವಾರ ವಿಜ್ಞಾನ ಪತ್ರಿಕೆಗೆ ಲೇಖನ ಹೋಗಬೇಕು. ಅವಳ ಪದವಿ ಅದನ್ನೇ ನೆಚ್ಚಿಕೊಂಡಿತ್ತು.

ಶುಕ್ರವಾರ ಬಿಲ್ಲೆ ಒರೆಸಲು ಹೋದ ಭಾವ ಹಾಗೇ ನಿಂತುಬಿಟ್ಟರು. ತಾವೇ ಕೂರಿಸಿದ್ದು ಚೂರು ವಾಲಿತ್ತು. ತಿರುಗಿಸಿದಾಗ ಬೆಳಕಿನ ಚುಕ್ಕೆ ಹರಳಿನ ಮೇಲೆ ಜರುಗುತ್ತಿತ್ತು. ಹಾಗಾದರೆ ಗೆರೆ ಹೊರಳಿದ್ದು ಸುತ್ತು ಬದಲಾದದ್ದಕ್ಕೋ, ಬೇರೆ ಜಾಗ ಬಿಸಿಯಾದದ್ದಕ್ಕೋ?

"ತಾಯೀ, ತಪ್ಪು ನಂದು. ಸೋಮವಾರ ಕಳಿಸ್ಬೇಡ" ಎಂದರು ಸಂಶೋಧಕಿಗೆ.

"ಅಣ್ಣಾ, ಅಷ್ಟು ಸಣ್ಣದು ಯಾರ ಕಣ್ಣಿಗೆ ಬೀಳುತ್ತೆ?"

"ನನ್ನ ಕಣ್ಣಿಗೆ ಬಿತ್ತಲ್ಲ."

ಅವಳ ಪ್ರೊಫೆಸರು ತಲೆ ಚಚ್ಚಿಕೊಂಡರು. "ದಡ ಸೇರೋ ಹೊತ್ತಿಗೆ ದೋಣಿಗೆ ತೂತು ಕೊರೀತೀಯಲ್ಲಯ್ಯಾ!"

"ತೂತು ಮುಂಚೇನೇ ಇತ್ತು ಸಾರ್. ನಾನು ತೋರಿಸ್ದೆ ಅಷ್ಟೆ."

ಅವಳು ಭಾವನ ಜೊತೆ ಮಾತು ಬಿಟ್ಟಳು. ಭಾವ ಬಿಲ್ಲೆಯನ್ನು ಬಿಚ್ಚಿ, ಎಷ್ಟು ತಿರುಗಿಸಿದರೂ ಚುಕ್ಕೆ ಅಲುಗದಂತಾಗುವವರೆಗೆ ಒಂದೊಂದೇ ತಿರುಪು ಬಿಗಿಯುತ್ತ ಹನ್ನೆರಡು ದಿನ ಕೂತರು. ಮನೆಯಲ್ಲಿ ತಟ್ಟೆಯ ಅನ್ನ ಹಾಗೇ ಉಳಿಯುತ್ತಿತ್ತು. ಆ ಹುಡುಗಿಯ ಕೆಲಸ ಉಳಿಯಲಿ ಎಂದು ನಾನು ದೇವರಿಗೆ ಕೈಮುಗಿದದ್ದು ಕೇಳಿ ಗದರಿದರು: "ನಿಜ ಇದ್ರೆ ಉಳೀಲಿ ಅಂತ ಕೇಳ್ಕೋ." ಅಂದಿನಿಂದ ನಾನು ಬೇಡುವುದೇ ಹಾಗೆ.

ಹದಿಮೂರನೆಯ ದಿನ ಮತ್ತೆ ಅಳೆದರು. ಗೆರೆ ಹೊರಳಿತು. ಮೊದಲಿನ ಅರ್ಧದಷ್ಟೂ ಇರಲಿಲ್ಲ, ಆದರೆ ಹೊರಳಿತು. ಭಾವ ಹನ್ನೊಂದು ಸಲ ಅಳೆಸಿದರು; ಹನ್ನೊಂದು ಸಲವೂ ಹೊರಳಿತು.

"ಈಗಾದ್ರೂ ಕಳಿಸ್ಲಾ ಅಣ್ಣಾ?" ಎಂದಳಂತೆ, ಅಳುತ್ತ ನಗುತ್ತ.

ಅಂದು ಭಾವ ಎರಡನೆಯ ಸಲ ಅನ್ನ ಕೇಳಿದರು. ಅಕ್ಕ ಬಡಿಸುತ್ತ ನನ್ನತ್ತ ನೋಡಿದಳು: "ಬಿಲ್ಲೆ ನೆಟ್ಟಗಾಯ್ತು ಅಂತ ಕಾಣುತ್ತೆ ಕಣೇ."