ಸುತ್ತು ಬಸ್ಸು ಮತ್ತು ವಿಮಾನದ ರೆಕ್ಕೆ

ಹಾಸನದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಹೇಳಿಕೊಡಲು ಹಿಡಿದು ಹತ್ತೊಂಬತ್ತು ವರ್ಷವಾಗಿತ್ತು. ವಿಮಾನ ಮೇಲೇರುವ ಪಾಠವನ್ನು ನನ್ನಷ್ಟು ಸಲೀಸಾಗಿ ಮಾಡುವವರು ಜಿಲ್ಲೆಯಲ್ಲೇ ಇಲ್ಲವೆಂಬ ಜಂಬ ನನಗೆ. ಚನ್ನರಾಯಪಟ್ಟಣದಿಂದ ಎರಡು ಬಸ್ಸು ಒಟ್ಟಿಗೆ ಹೊರಡುತ್ತವೆ. ಒಂದು ನೇರ ಹಾಸನಕ್ಕೆ, ಇನ್ನೊಂದು ಹೊಳೆನರಸೀಪುರ ಸುತ್ತಿಕೊಂಡು. ಒಟ್ಟಿಗೇ ತಲುಪಬೇಕಾದರೆ ಸುತ್ತು ಬಸ್ಸು ಜೋರಾಗಿ ಓಡಬೇಕು. ಉಬ್ಬಿದ ರೆಕ್ಕೆಯ ಮೇಲಿನ ಗಾಳಿಯೂ ಹಾಗೇ, ಸುತ್ತು ದಾರಿಯಲ್ಲಿ ಹೋಗಿ ಕೆಳಗಿನ ಗಾಳಿಯನ್ನು ಒಟ್ಟಿಗೇ ಸೇರಬೇಕು. ವೇಗ ಹೆಚ್ಚಿದರೆ ಒತ್ತಡ ಕಡಿಮೆ, ರೆಕ್ಕೆ ಮೇಲಕ್ಕೆ. ಇಷ್ಟೇ ನನ್ನ ಪಾಠ.

ಕಳೆದ ವರ್ಷ ಕಿರುಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಹೊಳೆನರಸೀಪುರದ ಕಡೆಯ ಹಳೇಕೋಟೆಯ ಹುಡುಗಿಯೊಬ್ಬಳು ಎರಡೇ ಸಾಲು ಬರೆದಳು: ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಸೊನ್ನೆ ಕೊಟ್ಟೆ. ಆ ಐದು ಅಂಕ ಹೋಗಿ ಅವಳು ಫೇಲಾದಳು.

ಪೇಪರು ಹಿಡಿದು ಸ್ಟಾಫ್ ರೂಮಿಗೇ ಬಂದಳು. "ಸಾ, ಆ ಸುತ್ತು ಬಸ್ಸಲ್ಲೇ ನಾನು ದಿನಾ ಬರೋದು. ನೇರ ಬಂದಿರೋ ಬಸ್ಸು ಯಾವತ್ತೂ ನಮಗೋಸ್ಕರ ಕಾಯ್ಕಂಡಿರಲ್ಲ. ಗಾಳಿ ಮಾತ್ರ ಯಾಕ್ ಸಾ ಒಟ್ಟಿಗೇ ಸೇರ್ಬೇಕು?"

"ಅಧಿಕಪ್ರಸಂಗ ಬೇಡ, ಓಗಮ್ಮ," ಎಂದು ಗದರಿದೆ. ಅವಳು ಹೋದ ಮೇಲೆ ಅದೇ ಪ್ರಶ್ನೆಯನ್ನು ನನಗೇ ಹಾಕಿಕೊಂಡೆ.

ಸಂಜೆ ಹಿರೀಸಾವೆಯ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಪರೀಕ್ಷೆಯ ರಟ್ಟನ್ನು ಹೊರಗೆ ಹಿಡಿದೆ. ಅದಕ್ಕೆ ಉಬ್ಬಿಲ್ಲ, ಮೇಲೂ ಕೆಳಗೂ ಒಂದೇ ಅಳತೆ. ನನ್ನ ಪಾಠದ ಪ್ರಕಾರ ಅದು ಏಳಲೇಬಾರದು. ಮುಂದಿನ ಅಂಚನ್ನು ತುಸು ಎತ್ತಿದೆ, ಅಷ್ಟೆ. ಕೈಯನ್ನೂ ಎಳೆದುಕೊಂಡು ಮೇಲಕ್ಕೆದ್ದಿತು.

"ಸಾ, ಕೈ ಒಳಿಕ್ಕೆ ಎಳ್ಕಳಿ! ಓದಿದೋರೇ ಇಂಗ್ ಮಾಡಿದ್ರೆ ಎಂಗೆ?" ಕಂಡಕ್ಟರ್ ರೇಗಿದ. ಓದಿದವನು ಎಂದದ್ದೇ ನನಗೆ ಚುಚ್ಚಿತು.

ಮನೆಯಲ್ಲಿ ಪುಸ್ತಕಗಳನ್ನು ಕೆಳಗಿಳಿಸಿ ಓದಿದೆ. ಮೇಲಿನ ಗಾಳಿ ವೇಗವಾಗಿ ಹೋಗುವುದೂ ನಿಜ, ಅಲ್ಲಿ ಒತ್ತಡ ತಗ್ಗುವುದೂ ನಿಜ. ಆದರೆ ಕೆಳಗಿನ ಗಾಳಿಯ ಜೊತೆ ಸೇರಬೇಕೆಂಬ ಹಂಗು ಅದಕ್ಕಿಲ್ಲ, ಮೊದಲೇ ದಾಟಿಹೋಗುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುವುದರಿಂದಲೇ ತಾನು ಮೇಲೇರುತ್ತದೆ. ಹುಡುಗಿ ಬರೆದದ್ದೇ ಸರಿ.

ಮರುದಿನ ತರಗತಿಯಲ್ಲಿ ಎಲ್ಲರೆದುರು ಅವಳಿಗೆ ಐದು ಅಂಕ ಹಾಕಿದೆ. ಪಾಸಾದಳು. ಆದರೂ ಎದ್ದು ನಿಂತವಳು ಕೂರಲಿಲ್ಲ.

"ಅಂಗಾದ್ರೆ ಇವ್ರೆಲ್ಲಾ ಬರ್ದಿರೋದು ತಪ್ಪಲ್ವಾ ಸಾ?"

ಉಳಿದವರ ಮುಖ ಬಿಳಿಚಿಕೊಂಡಿತು.

"ಇಲ್ಲ ಕಣಮ್ಮ, ಅವ್ರು ನಾನು ಹೇಳಿದ್ದನ್ನೇ ಬರ್ದವ್ರೆ. ತಪ್ಪು ನಂದು."

ಹೇಳುವಾಗ ನಾಚಿಕೆಯಾಯಿತು. ಇವರಿಗೇನೋ ಹೇಳಿದ್ದಾಯಿತು, ಹಿಂದಿನ ವರ್ಷಗಳವರನ್ನು ಎಲ್ಲಿ ಹುಡುಕಲಿ? ಈಗ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಮೊದಲು ನನ್ನ ರೆಕ್ಕೆಯ ಪಾಠ ತಪ್ಪಾಗಿತ್ತೆಂದು ಹೇಳಿಯೇ ಕೂರುತ್ತೇನೆ.