ಮೂರು ದಿನದ ತವರು

ಇಟಲಿಯ ಓರ್ವಿಯೆತೊ ಊರು ನೋಡಲು ಬರುವವರಿಗೆಲ್ಲ ಉಳಿದುಕೊಳ್ಳುವುದು ಎಲ್ಲಿ ಎಂಬುದೇ ಮೊದಲ ಚಿಂತೆ. ಬಂಡೆಯ ಮೇಲಿನ ಹಳೆಯ ಊರಿನಲ್ಲೋ, ಕೆಳಗೆ ರೈಲು ನಿಲ್ದಾಣದ ಬಳಿಯೋ? ಮೇಲಾದರೆ ದುವೊಮೊ ಚರ್ಚಿನ ಮಗ್ಗುಲಲ್ಲೋ, ಸಾನ್ ಜೊವೆನಾಲೆಯ ಗಲ್ಲಿಗಳಲ್ಲೋ? ಎರ್ಸಿಲಿಯಾ ಈ ಮಾತನ್ನು ದಿನವೂ ಕೇಳುತ್ತಿದ್ದಳು. ಪ್ರವಾಸಿಗರ ಮನೆಗಳನ್ನು ಗುಡಿಸಿ ಒರೆಸಿ, ಹಾಸಿಗೆಯ ಬಟ್ಟೆ ಬದಲಿಸುವುದು ಅವಳ ಕೆಲಸ. ಆ ಮನೆಗಳಲ್ಲೊಂದು ಅವಳು ಹುಟ್ಟಿದ ಮನೆ.

ಅಜ್ಜನ ಕಾಲದಿಂದಲೂ ಅದು ಬಾಡಿಗೆಯ ಮನೆಯೇ. ಆದರೂ ಮನೆಮಂದಿಯೆಲ್ಲ ‘ನಮ್ಮನೆ’ ಎಂದೇ ಅನ್ನುತ್ತಿದ್ದರು. ಎರ್ಸಿಲಿಯಾ ಮದುವೆಯಾಗದೆ ಉಳಿದು, ಹಾಸಿಗೆ ಹಿಡಿದ ತಾಯಿಯನ್ನು ಕೊನೆಯವರೆಗೂ ನೋಡಿಕೊಂಡದ್ದು ಅಲ್ಲಿಯೇ. ಮುದುಕ ಮಾಲೀಕ ತೀರಿಕೊಂಡ ಮೇಲೆ ಅವನ ಮಕ್ಕಳು ಮನೆ ಮಾರಿದರು. ಕೊಂಡವರು ಅವಳನ್ನು ಬಿಡಿಸಿ, ಗೋಡೆ ಕೆರೆದು, ಅಪ್ಪ ವೈನ್ ಇಡುತ್ತಿದ್ದ ನೆಲಮಾಳಿಗೆಯ ಮೇಲೆ ಗಾಜು ಹಾಸಿ ದೀಪ ಹಾಕಿದರು. ಅವಳು ಕೆಳಗೆ, ನಿಲ್ದಾಣದ ಹತ್ತಿರ ಟಯರ್ ಅಂಗಡಿಯ ಮೇಲಿನ ಒಂದು ಕೋಣೆಗೆ ಬಂದಳು.

ಇದನ್ನು ಅಕ್ಕನಿಗೆ ಮಾತ್ರ ಹೇಳಲಿಲ್ಲ. ಗಣಿ ಕೆಲಸದ ಗಂಡನ ಹಿಂದೆ ಹರೆಯದಲ್ಲೇ ಬೆಲ್ಜಿಯಂಗೆ ಹೋದ ಪಾಲ್ಮೀರಾ ಪ್ರತಿ ಭಾನುವಾರ ಫೋನ್ ಮಾಡಿ, ಅಡುಗೆಮನೆಯ ಕಿಟಕಿಯಿಂದ ಇವತ್ತು ಏನು ಕಾಣಿಸುತ್ತಿದೆ ಎಂದು ಕೇಳುವಳು. ಎರ್ಸಿಲಿಯಾ ಟಯರ್ ರಾಶಿಯನ್ನು ನೋಡುತ್ತ, ಬೆಟ್ಟ ಕಾಣಿಸುತ್ತಿದೆ, ದ್ರಾಕ್ಷಿ ತೋಟ ಕೆಂಪಾಗಿದೆ ಎಂದು ಹೇಳುವಳು. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಕಳೆದವು.

ಗಂಡ ತೀರಿಕೊಂಡ ಮೇಲೆ ಪಾಲ್ಮೀರಾ, ನವೆಂಬರಿನ ಸತ್ತವರ ಹಬ್ಬ ಮುಗಿದೊಡನೆ ಅಪ್ಪ-ಅಮ್ಮನ ಸಮಾಧಿ ನೋಡಲು ಬರುತ್ತೇನೆಂದಳು. ಎರ್ಸಿಲಿಯಾ ಹೋಟೆಲಿನ ಮಾತೆತ್ತಿ ನೋಡಿದಳು. “ತವರು ಮನೆ ಇಟ್ಕೊಂಡು ಹೋಟೆಲ್‌ನಲ್ಲಿ ಯಾಕೆ ಇರ್ಲೇ? ನಿಂಗೇನು ತಲೆ ಕೆಟ್ಟಿದ್ಯಾ?” ಎಂದು ಅಕ್ಕ ನಕ್ಕಳು.

ಆ ಹಳೆಯ ಮನೆಯನ್ನು ಕೊಂಡವರ ಪರವಾಗಿ ನೋಡಿಕೊಳ್ಳುವ ಫೌಸ್ತೊ ಕೆಟ್ಟವನಲ್ಲ. ಹಬ್ಬ ಕಳೆದರೆ ಮಂಜಿನಲ್ಲಿ ಯಾರೂ ಬರುವುದಿಲ್ಲ, ಮನೆ ಮೂರು ದಿನ ನೀನೇ ಇಟ್ಟುಕೊಳ್ಳಮ್ಮ ಎಂದ. ಎರ್ಸಿಲಿಯಾ ಗೋಡೆಯ ಮೇಲಿನ ಸೂಚನಾ ಹಾಳೆ ಕಿತ್ತಳು, ಪುಟ್ಟ ಪುಟ್ಟ ಶಾಂಪೂ ಬಾಟಲಿಗಳನ್ನು ಬಚ್ಚಿಟ್ಟಳು, ಗಾಜಿನ ನೆಲದ ಮೇಲೆ ಜಮಖಾನ ಹಾಸಿದಳು. ತನ್ನ ಕೋಣೆಯಿಂದ ಪಾತ್ರೆಗಳನ್ನೂ ಅಮ್ಮನ ಪಟವನ್ನೂ ಹೊತ್ತು ತಂದಳು.

ಪಾಲ್ಮೀರಾ ಬಂದು ಮನೆಯೆಲ್ಲ ಸುತ್ತಿ, ಗೋಡೆ ಸವರಿ, ಮಂಚದ ಮೇಲೆ ಕುಳಿತು ಅತ್ತಳು. ಎಷ್ಟು ಚೆನ್ನಾಗಿ ಮಾಡಿಸಿದ್ದೀಯೆಂದು ತಂಗಿಯ ತಲೆ ನೇವರಿಸಿದಳು. ಎರ್ಸಿಲಿಯಾ ಕೈಯಲ್ಲಿ ಹೊಸೆದ ದಪ್ಪ ಶ್ಯಾವಿಗೆಗೆ ಬೆಳ್ಳುಳ್ಳಿ-ಟೊಮೆಟೊ ಸಾರು ಬಡಿಸಿದಳು. ಎರಡು ತುತ್ತು ತಿಂದ ಅಕ್ಕ ಮೆಲ್ಲಗೆ ಬಾಯಿಬಿಟ್ಟಳು.

“ಎರ್ಸೀ, ನಾನು ವಾಪಸ್ ಹೋಗಲ್ಲ ಕಣೇ. ಅಲ್ಲಿಯ ಮನೆ ಬಿಟ್ಟುಕೊಟ್ಟು ಬಂದಿದೀನಿ. ಸಾಮಾನು ಲಾರಿಗೆ ಹಾಕಿಸೋದೊಂದು ಬಾಕಿ. ನಿಂಗೆ ಮೊದ್ಲೇ ಹೇಳಬಾರ್ದು ಅಂತ ಸುಮ್ನಿದ್ದೆ.”

ಎರ್ಸಿಲಿಯಾಳಿಗೆ ಅಂದು ಹೇಳಲಾಗಲಿಲ್ಲ. ಮರುದಿನ ಸ್ಮಶಾನದಲ್ಲಿ, ಅಮ್ಮನ ಕಲ್ಲಿನ ಮುಂದೆ ಸೇವಂತಿಗೆ ಇಟ್ಟು ಏಳುವಾಗ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಪಾಲ್ಮೀರಾ ಬಾಗಿ ಹೂಗಳನ್ನು ಸರಿಪಡಿಸಿದಳು. ಆಮೇಲೆ, “ನೀನು ಮನೆ ಕಳ್ಕೊಂಡೆ, ಅದು ನಿನ್ ತಪ್ಪಲ್ಲ. ಒಂದು ಮಾತು ಹೇಳಿದ್ರೆ ನಾನು ನನ್ನದನ್ನ ಉಳಿಸ್ಕೋತಿದ್ದೆ,” ಎಂದಳು.

ಉಳಿದ ಹೊತ್ತಿನಲ್ಲಿ ಇಬ್ಬರೂ ಬಾಡಿಗೆ ಮನೆ ಹುಡುಕುತ್ತ ಊರೆಲ್ಲ ಅಲೆದರು. ಬಾಲ್ಯದಲ್ಲಿ ಹೆಸರು ಹಿಡಿದು ಕೂಗುತ್ತಿದ್ದ ಬಾಗಿಲುಗಳಲ್ಲೆಲ್ಲ ಈಗ ಪ್ರವಾಸಿಗರು ಅಂಕಿ ಒತ್ತಿ ಬೀಗದಕೈ ತೆಗೆಯುವ ಡಬ್ಬಿಗಳು. ತೆರೆದಿದ್ದ ಒಂದೆರಡು ಕಡೆ, ರಾತ್ರಿಯ ಲೆಕ್ಕಕ್ಕಾದರೆ ಕೊಡುತ್ತೇವೆ, ವರ್ಷಕ್ಕೆ ಕೊಡುವುದಿಲ್ಲ ಎಂದರು. ಕೊನೆಗೆ ಎರ್ಸಿಲಿಯಾ ಅಕ್ಕನನ್ನು ಕೆಳಗೆ ತನ್ನ ಕೋಣೆಗೆ ಕರೆದೊಯ್ದಳು. ಒಂದೇ ಮಂಚ, ರಬ್ಬರಿನ ವಾಸನೆ, ರೈಲು ಹೋದಾಗಲೆಲ್ಲ ಅದುರುವ ಲೋಟ. ನಾನು ನೆಲದ ಮೇಲೆ ಮಲಗುತ್ತೇನೆ, ಇಬ್ಬರೂ ಹೇಗೋ ಇರೋಣ ಎಂದು ಗೋಗರೆದಳು. ಪಾಲ್ಮೀರಾ ಕಿಟಕಿಯ ಬಳಿ ಹೋಗಿ ಟಯರ್ ರಾಶಿಯನ್ನು ನೋಡಿದಳು.

“ಭಾನುವಾರದ ಬೆಟ್ಟ ಇದೇನಾ?” ಎಂದಳು.

ಬೆಲ್ಜಿಯಂನಲ್ಲಿ ಅವಳಿಗೆ ಮಗನ ಮನೆಯ ನಡುಮನೆಯ ಸೋಫಾ ಒಂದೇ ಉಳಿದಿತ್ತು. ಸೊಸೆಗೆ ಇಷ್ಟವಿಲ್ಲದಿದ್ದರೂ ಪಾಲ್ಮೀರಾ ಅಲ್ಲಿಗೇ ಹೊರಟಳು. ರೈಲು ಹತ್ತುವಾಗ ತಂಗಿಯನ್ನು ತಬ್ಬಿಕೊಂಡಳು, ಆದರೆ ಫೋನ್ ಮಾಡುತ್ತೇನೆ ಎನ್ನಲಿಲ್ಲ. ಮಾಡಲೂ ಇಲ್ಲ. ಎರ್ಸಿಲಿಯಾ ಮಾಡಿದಾಗ ಸೊಸೆ ಎತ್ತಿ, ಅತ್ತೆ ಮಲಗಿದ್ದಾರೆ ಎನ್ನುತ್ತಿದ್ದಳು. ಆ ಚಳಿಗಾಲ ದಾಟುವ ಮೊದಲೇ, ಅತ್ತೆ ಹೋಗಿಬಿಟ್ಟರು, ಮಣ್ಣೂ ಆಯಿತು ಎಂದಳು.

ಅಕ್ಕ ಹೊರಟ ಆ ದಿನ ಎರ್ಸಿಲಿಯಾ ನಿಲ್ದಾಣದಿಂದ ನೇರವಾಗಿ ಮೇಲಿನ ಮನೆಗೆ ಹೋಗಿದ್ದಳು. ಮಂಜು ಲೆಕ್ಕಿಸದೆ ಯಾರೋ ಬರುತ್ತಿದ್ದಾರೆಂದು ಫೌಸ್ತೊ ಹೇಳಿ ಕಳಿಸಿದ್ದ. ಅಕ್ಕ ಮಲಗಿದ್ದ ಹಾಸಿಗೆಯ ಬಟ್ಟೆ ಕಿತ್ತು ಮಡಚುತ್ತಿರುವಾಗಲೇ ಗಂಡ-ಹೆಂಡತಿ ಪೆಟ್ಟಿಗೆ ಎಳೆದುಕೊಂಡು ಬಂದರು. ಎಲ್ಲಿ ಇಳಿದುಕೊಳ್ಳುವುದೆಂದು ಬಹಳ ಯೋಚಿಸಿ ಇದನ್ನೇ ಆರಿಸಿದೆವು, ಗಲಾಟೆ ಇಲ್ಲ ತಾನೆ ಎಂದು ಹೆಂಡತಿ ಕೇಳಿದಳು.

“ಇಲ್ಲಮ್ಮ,” ಎಂದಳು ಎರ್ಸಿಲಿಯಾ. “ಗಲಾಟೆ ಮಾಡೋಕೆ ಈ ಗಲ್ಲೀಲಿ ಯಾರೂ ಉಳ್ದಿಲ್ಲ.”

ಅವರು ಸಂತೋಷಪಟ್ಟರು. ಅವಳು ಮೈಲಿಗೆ ಬಟ್ಟೆಯ ಗಂಟನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.