ಒಣಗ್ಲಿ ತಾತನ ದಡಗಳು
ಊರೂರು ಸುತ್ತಿ ಜಲವರ್ಣದ ಚಿತ್ರ ಬರೆಯುವ ಈ ಮುದುಕರಿಗೆ ನಮ್ಮ ದೋಣಿಯವರೆಲ್ಲ ಸೇರಿ ಇಟ್ಟ ಹೆಸರು ಒಣಗ್ಲಿ ತಾತ. ಅವರ ಪಕ್ಕ ಕೂತವರು ಅವರನ್ನು ಕೇಳಿಯೇ ಉಸಿರು ಬಿಡಬೇಕು. ಯಾರಾದರೂ ಸೀನಿದರೆ, ಮೋಡ ಕಂಡರೆ, "ಒಣಗ್ಲಿ, ಒಣಗ್ಲಿ!" ಎಂದು ಕೂಗಿ ಒದ್ದೆ ಹಾಳೆಯನ್ನು ಎದೆಗವಚಿಕೊಳ್ಳುತ್ತಾರೆ; ಹೀಗಾಗಿ ಅರ್ಧ ನದಿ ಅವರ ಅಂಗಿಯ ಮೇಲೇ ಇದೆ. "ನಿಧಾನಪ್ಪಾ, ದಡ ಓಡಿಹೋಗ್ತಿದೆ!" ಎಂದು ಅಂಬಿಗನ ಪ್ರಾಣ ಹಿಂಡುತ್ತಾರೆ. "ಹಗ್ಗ ಹಾಕಿ ಕಟ್ಲಾ ತಾತಾ?" ಎನ್ನುತ್ತಾನೆ ಅವನು. ಸುತ್ತ ಇಷ್ಟು ನೀರಿದ್ದರೂ ತಾತನಿಗೆ ಹೊಳೆಗೆ ಕೈ ಚಾಚುವ ಧೈರ್ಯವಿಲ್ಲ, ಕುಂಚ ತೊಳೆಯುವುದು ಮನೆಯಿಂದ ತಂದ ಬಾಟಲಿ ನೀರಿನಲ್ಲೇ. ಆದರೆ ಅವರು ಬರೆದ ದಡಗಳಲ್ಲೆಲ್ಲ ಮೆಟ್ಟಿಲುಗಳಿವೆ. ಎದುರಿಗಿರುವುದು ಕಡಿದಾದ ಬಂಡೆಯಾದರೂ ಸರಿ, ಮುಳ್ಳಿನ ಪೊದೆಯಾದರೂ ಸರಿ, ನೀರಿನೊಳಗಿಂದಲೇ ಎದ್ದುಬರುವ ಅಗಲವಾದ ಮೆಟ್ಟಿಲುಗಳು. ಇವತ್ತು ಅಂಬಿಗ ಬಗ್ಗಿ ನೋಡಿ ನಕ್ಕುಬಿಟ್ಟ: "ಕಣ್ಣಿಗೇನಾಯ್ತು ತಾತಾ? ಅಲ್ಲಿ ಮೆಟ್ಟಿಲೆಲ್ಲಿದೆ?" ತಾತ ತಲೆಯೆತ್ತದೆ ಇನ್ನೊಂದು ಮೆಟ್ಟಿಲು ಬರೆದರು. "ನಮ್ಮಣ್ಣನಿಗೆ ಈಜು ಚೆನ್ನಾಗೇ ಬರ್ತಿತ್ತಪ್ಪಾ," ಎಂದರು. "ಹತ್ತೋಕೆ ಎಲ್ಲೂ ಜಾಗ ಸಿಗ್ಲಿಲ್ಲ, ಅಷ್ಟೇ."